ವಿಮಲಕ್ಕನ ಕೋಳಿನಿದ್ದೆ

ವಿಮಲಕ್ಕನದು ಕೂತಲ್ಲೇ ನಿದ್ದೆ. ಕಣ್ಣು ಮುಚ್ಚಿರುತ್ತಿತ್ತು, ತಲೆ ಎದೆಯತ್ತ ವಾಲಿರುತ್ತಿತ್ತು, ಎಡಗೈ ಮಾತ್ರ ಪಕ್ಕದಲ್ಲಿ ಕೂತ ಗಂಡ ಜಯರಾಜರ ಬೂದುಕೋಟಿನ ಅಂಚನ್ನು ಹಿಡಿದೇ ಇರುತ್ತಿತ್ತು. ಈ ಪರದೇಶದ ಸನ್ನಿವೇಲ್ ಊರಿನ ದೇವಸ್ಥಾನದ ಭಜನೆಯಲ್ಲಾಗಲಿ, ಡಾಕ್ಟರರ ಕ್ಲಿನಿಕ್ಕಿನಲ್ಲಾಗಲಿ, ಮಗ ಸಂದೇಶನ ಕಾರಿನ ಹಿಂದಿನ ಸೀಟಿನಲ್ಲಾಗಲಿ, ನಾನು ಕಂಡದ್ದು ಇದೇ ಭಂಗಿ. ಮರೆವಿನ ರೋಗ ಹತ್ತಿದ ಜಯರಾಜರು ಬಾಗಿಲು ಕಂಡರೆ ಎದ್ದು ನಡೆಯುವವರು. ಉಡುಪಿಯ ಬಸ್ಸು ತಪ್ಪಿಹೋಗುತ್ತದೆಂಬ ಆತುರ. ಫಾಸ್ಟರ್ ಸಿಟಿಯ ಅವರ ಮನೆಯ ಹಿತ್ತಿಲಿಗೆ ತಾಗಿಯೇ ಲಗೂನಿನ ಹಿನ್ನೀರು. ಇನ್ನೊಮ್ಮೆ ಹೀಗೆ ಹೊರಟುಹೋದರೆ ಕೇರ್ ಹೋಮಿಗೆ ಸೇರಿಸುವುದೇ ಸೈ ಎಂದು ಸಂದೇಶ ಹೇಳಿಬಿಟ್ಟಿದ್ದ.

ಭಜನೆಯ ಹೆಂಗಸರು ಕೆಣಕುತ್ತಿದ್ದರು. "ಏನ್ ವಿಮಲಕ್ಕ, ಹನಿಮೂನು ಇನ್ನೂ ಮುಗ್ದಿಲ್ವಾ? ಕೋಟು ಬಿಡೋದೇ ಇಲ್ವಲ್ಲ" ಎಂದಳೊಮ್ಮೆ ಮೈಥಿಲಿ.

"ಬಿಟ್ರೆ ನಿನ್ನ ಗಂಡನ ಕಾರಲ್ಲಿ ಹೋಗಿ ಕೂತ್ಕೊಳ್ತಾರೆ ಮಾರಾಯ್ತಿ. ಮತ್ತೆ ಅನ್ನ ಹಾಕುದು ನೀನೇ. ನಂದೆಂತ ನಿದ್ದೆ, ಕೋಳಿನಿದ್ದೆ."

ಆ ಮಾತು ಹುಟ್ಟಿದ್ದು ಹೇಗೆಂದು ಕೇಳಿದೆ. ಅಜ್ಜಿಯಿಂದ ಕೇಳಿದ ಕಥೆಯನ್ನು ಹೇಳಿದರು. ದೇವರು ನಿದ್ದೆ ಹಂಚುವಾಗ ಹೆಬ್ಬಾವು ಬುಟ್ಟಿಗಟ್ಟಲೆ ನುಂಗಿತಂತೆ, ಎಮ್ಮೆ ಎರಡು ಕೊಂಬಿಗೂ ಸಿಕ್ಕಿಸಿಕೊಂಡು ಹೋಯಿತಂತೆ. ಮರಿಗಳನ್ನೆಲ್ಲ ಕೂಡಿಸಿಕೊಂಡು ಕೋಳಿ ಬರುವಷ್ಟರಲ್ಲಿ ಒಂದು ಕಣ್ಣಿಗಾಗುವಷ್ಟೇ ಉಳಿದಿತ್ತಂತೆ. "ನಾಳೆ ಬಾ, ಇನ್ನೊಂದು ಕಣ್ಣಿಂದೂ ಕೊಡ್ತೇನೆ ಅಂದನಂತೆ ದೇವರು. ಮರಿ ಬಿಟ್ಟು ಹೋಗ್ಲಿಕ್ಕೆ ಅದಕ್ಕೆ ಪುರುಸೊತ್ತೆಲ್ಲುಂಟು?"

ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಜ್ವರಕ್ಕೆ ನುಂಗಿದ ಮಾತ್ರೆಯಿಂದ ವಿಮಲಕ್ಕನಿಗೆ ಗಾಢನಿದ್ರೆ ಬಂತು. ಎಚ್ಚರವಾದಾಗ ಕೈಯಲ್ಲಿ ಕೋಟಿತ್ತು, ಕೋಟಿನೊಳಗೆ ಜಯರಾಜರಿರಲಿಲ್ಲ. ಲಗೂನಿನ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದವರನ್ನು ವಾಕಿಂಗಿಗೆ ಬಂದ ಯಾರೋ ಕೈಹಿಡಿದು ಕರೆತಂದರು. ಮುಂದಿನ ವಾರವೇ ಅವರನ್ನು ಸ್ಯಾನ್ ಹೊಸೆಯ ಕೇರ್ ಹೋಮೊಂದಕ್ಕೆ ಸೇರಿಸಿದ್ದಾಯಿತು. "ಅಮ್ಮ, ಇನ್ನಾದ್ರೂ ಸರಿ ನಿದ್ದೆ ಮಾಡು" ಎಂದ ಸಂದೇಶ. ವಿಮಲಕ್ಕ ಹೂಂ ಎಂದರು, ಅಷ್ಟೆ.

ಮೊನ್ನೆ ಮನೆಗೆ ಹೋದಾಗ ವಿಮಲಕ್ಕ ಸೋಫಾದ ಮೇಲೆ ಕೂತೇ ತೂಕಡಿಸುತ್ತಿದ್ದರು. ಅಡುಗೆಮನೆಯ ಫ್ರಿಜ್ಜು ಸಣ್ಣಗೆ ಗುರುಗುಟ್ಟಿತು. ಕಣ್ಣು ತೆರೆಯದೆಯೇ, "ಎಲ್ಲಿಗೆ ಹೊರಟದ್ದು?" ಎಂದರು.

ಕಾಯುವವರ ಕುಲವೇ ಹೀಗೇನೋ. ಅವರನ್ನು ಕಾವಲಿನಿಂದ ಬಿಡಿಸುವ ಅಧಿಕಾರ ಮಕ್ಕಳಿಗಿಲ್ಲ, ವೈದ್ಯರಿಗಿಲ್ಲ. ಇಷ್ಟು ಕಾಲ ಯಾರನ್ನು ಕಾದರೋ ಅವರೇ ಹತ್ತಿರ ಬಂದು, ಹೆಸರು ಹಿಡಿದು ಕರೆದು, ಸಾಕು ಮಲಗು ಎನ್ನಬೇಕು. ಜಯರಾಜರಿಗೋ, ಆ ಹೆಸರೇ ನೆನಪಿಲ್ಲ.