ಟಗರಿನ್ನ ಯಾರೂ ಕೇಳೂದಿಲ್ಲ

ನಾ ಸಾತವ್ವ, ಹಿಪ್ಪರಗಿಯಾಕಿ. ನನ್ನ ಬಾಯಿ ಛಲೋ ಅಲ್ಲಂತ ಊರಿಗೆಲ್ಲಾ ಗೊತ್ತೈತಿ. ಅವತ್ತು ಮುಂಜಾನಿಂದ ಕುಂತಲ್ಲಿ ಕುಂದರಲಿಲ್ಲ, ನಿಂತಲ್ಲಿ ನಿಂದರಲಿಲ್ಲ. ಜಮಖಂಡಿ ದವಾಖಾನಿಯಿಂದ ರಿಪೋರ್ಟ್ ಬರೂದಿತ್ತು.

ಮೊಮ್ಮಗಳು ಕಾವೇರಿಗೆ ಎರಡು ವರ್ಷ ತುಂಬಿದ್ರೂ ಕುತ್ತಿಗಿ ನೆಟ್ಟಗ ನಿಂತಿರಲಿಲ್ಲ. ಮೈಯಾಗ ಕ್ರೋಮೊಸೋಮ್ ಅಂತ ದಾರದೆಳಿ ಇದ್ದಂಗ ಇರತಾವಂತ. ಕೂಸಿಂದು ಒಂದು ಮುರದು ಇನ್ನೊಂದಕ್ಕ ಕೂಡೇತಿ ಅಂದಿದ್ರು ಡಾಕ್ಟರಬಾಯಿ. ಅದು ಯಾರಿಂದ ಬಂತಂತ ನೋಡಾಕ ಮಗ ಮಾಳು, ಸೊಸಿ ವೈಶಾಲಿ ಇಬ್ಬರ ರಕ್ತಾನೂ ತಗೊಂಡಿದ್ರು.

ನನಗ್ಯಾಕ ಬೇಕಿತ್ತು ರಕ್ತ? ನಮ್ಮ ಹಟ್ಟ್ಯಾಗ ಮರಿ ಸೊಟ್ಟ ಹುಟ್ಟಿದ್ರ ತಾಯಿಕುರಿ ಕಿವಿಗೆ ಗುರುತು ಹಾಕಿ ಲೋಕಾಪುರ ಸಂತಿಗೆ ಹೊಡೀತೀವಿ. ಟಗರಿನ್ನ ಯಾರೂ ಕೇಳೂದಿಲ್ಲ. ಅದಕ್ಕ ಹಿಂದಿನ ದಿನಾನ ಅನಗವಾಡಿಗೆ, ವೈಶಾಲಿ ಅಣ್ಣ ಗುರುಪಾದಗ ಫೋನ್ ಮಾಡಿ, "ನಿನ್ನ ತಂಗೀನ್ನ ಕರಕೊಂಡು ಹೋಗಪಾ, ಮಾಳೂಗ ಬ್ಯಾರೆ ಹೆಣ್ಣು ನೋಡತೀವಿ" ಅಂದಿದ್ದೆ.

ಹನ್ನೊಂದಕ್ಕ ಡಾಕ್ಟರಬಾಯಿ ಫೋನ್ ಬಂತು. ಮಾಳು ಸ್ಪೀಕರ್ ಹಚ್ಚಿದ.

"ನಿಮ್ಮಿಬ್ಬರ ರಕ್ತದಾಗ ಏನೂ ದೋಷ ಇಲ್ಲ. ಇದು ಕೂಸಿನಾಗ ಹೊಸದಾಗಿ ಆಗಿದ್ದು. ಮುರದಿದ್ದು ತಂದಿಯಿಂದ ಬಂದ ಎಳಿ. ಬೀಜ ತಯಾರಾಗೂವಾಗ ತಾನಾಗೇ ಆಗತೈತಿ, ಯಾರ ತಪ್ಪೂ ಅಲ್ಲ."

ಮಾಳು ಗ್ವಾಡಿಗೆ ಬೆನ್ನು ಹಚ್ಚಿ ನೆಲಕ್ಕ ಕುಂತ. "ಯವ್ವಾ, ನನ್ನಿಂದ ಆತಲ್ಲಬೇ" ಅಂತ ಅಳಾಕ ಹತ್ತಿದ. ಓಡಿ ಹೋಗಿ ಅವನ ತಲಿ ಎದಿಗೆ ಒತ್ತಿಕೊಂಡೆ.

"ಅಳಬ್ಯಾಡ ನನ್ನಪ್ಪಾ. ಡಾಕ್ಟರಬಾಯಿ ಹೇಳಿದ್ದು ಕೇಳಲಿಲ್ಲೇನು? ನಿನ್ನ ತಪ್ಪಲ್ಲಲೇ."

ವೈಶಾಲಿ ಕೂಸಿನ್ನ ಎತ್ತಿಕೊಂಡು ಅಡಗಿಮನಿ ಬಾಗಲಾಗ ನಿಂತಿದ್ದಳು.

"ಅತ್ತಿ, ಎರಡು ವರ್ಷ ಆತರಿ," ಅಂದಳು. "ಈ ಮಾತು ನನಗ ಒಮ್ಮೆರ ಅಂದೀರೇನ್ರಿ?"

ಅಷ್ಟರಾಗ ಗುರುಪಾದನ ಗಾಡಿ ಹೊರಗ ಹಾರನ್ ಹೊಡೀತು.

"ಇರವಾ, ನಾ ಅವಗ ಹೇಳಿ ಕಳಸತೀನಿ," ಅಂದೆ.

"ಕರಸಿದವರು ನೀವ ಅಲ್ಲೇನ್ರಿ?" ಅಂದು, ಮೊದಲ ಕಟ್ಟಿ ಇಟ್ಟಿದ್ದ ಚೀಲ ಹೆಗಲಿಗೆ ಹಾಕ್ಕೊಂಡು ನಡದಳು. ಮಾಳು ಚಪ್ಪಲೀನೂ ಮೆಟ್ಟದ ಆಕಿ ಹಿಂದ ಹೋಗಿ ಗಾಡಿ ಹತ್ತಿದ.

"ಆಕಿ ತಪ್ಪಲ್ಲೋ ಗುರುಪಾದಾ, ಆಕಿ ತಪ್ಪಲ್ಲ!" ಅಂತ ಗಾಡಿ ಹಿಂದ ಒದರಕೋತ ಓಡಿದೆ. ಓಣಿ ಮಂದಿಯೆಲ್ಲಾ ಕೇಳಿದ್ರು. ಆಕೀಗೆ ಕೇಳಿಸ್ತೋ ಇಲ್ಲೋ ಗೊತ್ತಿಲ್ಲ.