ಪದವೀಧರರ ಸಂಘದ ಮೊದಲ ರೊಟ್ಟಿ

ಶಹಾಬಾದಿನ ಪದವೀಧರರ ಸಂಘಕ್ಕೆ ಇದ್ದದ್ದು ಪರ್ಸಿ ಕಲ್ಲು ಹಾಸಿದ ಒಂದು ಉದ್ದನೆಯ ಕೋಣೆ, ಅದರ ಹಿಂದೊಂದು ಅಡುಗೆಮನೆ, ಮತ್ತು ಆ ಎರಡರಲ್ಲೂ ಹಿಡಿಸಲಾರದಷ್ಟು ಜಂಬ. ಸಂಘ ಶುರುವಾದ ಐವತ್ತೆಂಟರಲ್ಲಿ ಊರಿನ ಪದವೀಧರರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೊಡೆಯ ಹಿಡಿಕೆಯ ಮೇಲೂ ಬಿ.ಎ. ಎಂದು ಕೆತ್ತಿಸಿಕೊಂಡ ಪುಣ್ಯಾತ್ಮರಿದ್ದರು. ಇಪ್ಪತ್ತು ವರ್ಷ ಕಳೆದು ಸದಸ್ಯರು ನಲವತ್ತೆರಡಾದರೂ ಜಂಬ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

ಸಂಘದ ದೊಡ್ಡ ಹಬ್ಬವೆಂದರೆ ಎಳ್ಳಮಾವಾಸ್ಯೆಗೆ ಮುಂಚಿನ ಭಾನುವಾರ ಮಧ್ಯಾಹ್ನದ ವಾರ್ಷಿಕ ಊಟ. ಅದಕ್ಕೆ ಅವರದೇ ಕಟ್ಟುಕಟ್ಟಳೆಗಳಿದ್ದವು. ಆ ವರ್ಷ ಹೊಸದಾಗಿ ಪದವಿ ಪಡೆದವರು ಕಪ್ಪು ಗೌನು ತೊಟ್ಟ ತಮ್ಮ ಫೋಟೋವನ್ನು ಗೋಡೆಗೆ ತೂಗುಹಾಕಬೇಕು. ಹಾಕಿದರೆ ಸದಸ್ಯರಾದ ಹಾಗೆ. ಬಳಿಕ ಎದ್ದು ನಿಂತು ಮುಂದಿನ ವರ್ಷದ ಕಾರ್ಯಕ್ರಮಗಳ ಪಟ್ಟಿ ಓದಬೇಕು. ಪಟ್ಟಿ ಮುಗಿದ ಮೇಲೆ ಅಧ್ಯಕ್ಷರು ತಮ್ಮ ಕೈಯಾರೆ ಅವರ ಪತ್ರಾವಳಿಗೆ ಮೊದಲ ರೊಟ್ಟಿ ಬಡಿಸಬೇಕು. ಅವರು ಆ ರೊಟ್ಟಿ ಮುರಿಯುವ ತನಕ ಉಳಿದವರು, ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಎಲೆ ಮುಟ್ಟುವಂತಿಲ್ಲ. ಇದನ್ನು ಶುರು ಮಾಡಿದವರು ಹಿರಿಯ ಸದಸ್ಯರಾದ ಅಬ್ದುಲ್ ಗನಿ ವಕೀಲರು. ಪರೀಕ್ಷೆ ಬರೆದು ಬಂದವರು ಎಲ್ಲರಿಗಿಂತ ಹೆಚ್ಚು ಹಸಿದಿರುತ್ತಾರೆ, ಅವರಿಗೇ ಮೊದಲು ಹಾಕಬೇಕು ಎಂಬುದು ಅವರ ವಾದ.

ಈ ಎಲ್ಲವನ್ನೂ ವಿಮಲಾಬಾಯಿ ಹನ್ನೊಂದು ವರ್ಷ ಅಡುಗೆಮನೆಯ ಬಾಗಿಲ ಹಿಂದಿನಿಂದ ಕೇಳಿದ್ದಳು. ಆಕೆ ಸಂಘದ ಅಡುಗೆಯವಳು. ಗಂಡ ಕಲ್ಲಿನ ಖಣಿಯಲ್ಲಿ ತೀರಿಕೊಂಡ ವರ್ಷ ಕೆಲಸಕ್ಕೆ ಬಂದವಳು. ಹೊರಗೆ ಯಾರೋ ಹೊಸ ಹುಡುಗ "ಮಾರ್ಚ್ ತಿಂಗಳು, ಸೇಡಂ ಪದವೀಧರರೊಡನೆ ಚರ್ಚಾಸ್ಪರ್ಧೆ" ಎಂದು ಓದಿದರೆ ಒಳಗೆ ಆಕೆಗೆ ಅದು ಎಂಬತ್ತು ಜನರ ರೊಟ್ಟಿ ಎಂದು ಕೇಳಿಸುತ್ತಿತ್ತು. ಕಾಗಿಣಾ ಹೊಳೆದಂಡೆಯ ಊಟ ಎಂದರೆ ಮೂರು ಬುಟ್ಟಿ ಪುಂಡಿಪಲ್ಯ ಸೋಸುವುದು. ಹಾಗೆ ಕೇಳುತ್ತ ಕೇಳುತ್ತಲೇ ಆಕೆ, ಸದಸ್ಯರು ಓದಿ ಮೂಲೆಗೆ ಒಗೆದಿದ್ದ ಪುಸ್ತಕಗಳನ್ನು ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡಳು. ಮದುವೆಗೆ ಮುಂಚೆಯೇ ಹತ್ತನೆಯ ತರಗತಿ ಪಾಸಾಗಿತ್ತು. ಮುಂದಿನ ಪರೀಕ್ಷೆಗಳನ್ನೆಲ್ಲ ಖಾಸಗಿಯಾಗಿ ಕಟ್ಟಿ, ಎರಡು ಸಲ ಇತಿಹಾಸದಲ್ಲಿ ಡುಮ್ಕಿ ಹೊಡೆದು, ನಲವತ್ತೊಂದನೆಯ ವಯಸ್ಸಿಗೆ ಬಿ.ಎ. ಮುಗಿಸಿದಳು. ಪ್ರಮಾಣಪತ್ರ ಧಾರವಾಡದಿಂದ ಟಪಾಲಿನಲ್ಲಿ ಬಂತು. ಚಿತ್ತಾಪುರದ ಕನ್ಯಾಶಾಲೆಯಲ್ಲಿ ಜನವರಿಯಿಂದ ಪಾಠ ಹೇಳಲು ಬರಬೇಕೆಂಬ ಕಾಗದವೂ ಅದರ ಹಿಂದೆಯೇ ಬಂತು.

ಹೊಟ್ಟೆಪಾಡಿನ ಚಿಂತೆ ಹಾಗೆ ತೀರಿತು. ಆದರೆ ಆಕೆಗೆ ಬೇಕಾಗಿದ್ದುದು ಇನ್ನೊಂದಿತ್ತು. ಒಂದು ಸಲ ಆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಬಾಗಿಲ ಆ ಕಡೆ, ಎಲ್ಲರಿಗೂ ಕಾಣುವ ಹಾಗೆ, ಸದಸ್ಯಳಾಗಿ.

ಆಕೆ ಪ್ರಮಾಣಪತ್ರ ಹಿಡಿದು ಕಾರ್ಯದರ್ಶಿ ನಾಗೇಂದ್ರಪ್ಪನವರ ಎದುರು ನಿಂತಳು. ಅವರು ಹೈಸ್ಕೂಲು ಮಾಸ್ತರರು. ನಿಯಮ ಎಂದರೆ ಪ್ರಾಣ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಭಾಳ ಸಂತೋಷ ಆಯ್ತು ವಿಮಲಾಬಾಯಿ. ಆದ್ರ ನಮ್ಮ ನಿಯಮದಾಗ ಹೆಣ್ಮಕ್ಕಳು ಅಂತ ಎಲ್ಲೂ ಬರದಿಲ್ಲಲ್ಲ."

"ಗಂಡಸ್ರು ಅಂತನೂ ಬರದಿಲ್ರಿ ಮಾಸ್ತರ್ರೆ. ಯಾವುದೇ ವಿಶ್ವವಿದ್ಯಾಲಯದ ಪದವೀಧರರು ಅಂತ ಅದ. ನಾ ಮೂರು ಸಲ ಓದೀನಿ."

ಅದನ್ನು ಇಪ್ಪತ್ತು ವರ್ಷದ ಹಿಂದೆ ಬರೆದವರು ನಾಗೇಂದ್ರಪ್ಪನವರೇ. ಹೈದರಾಬಾದಿನಲ್ಲಿ ಓದಿದವರು, ಪುಣೆಯಲ್ಲಿ ಓದಿದವರು, ಯಾರೂ ಬಿಟ್ಟುಹೋಗಬಾರದೆಂದು ಬಾಗಿಲನ್ನು ಅಷ್ಟು ಅಗಲವಾಗಿ ತೆಗೆದಿಟ್ಟಿದ್ದರು. ಆ ಬಾಗಿಲಿನಿಂದ ಅಡುಗೆಯವಳು ಒಳಗೆ ಬಂದಾಳೆಂದು ಅವರ ಕನಸಿನಲ್ಲೂ ಹೊಳೆದಿರಲಿಲ್ಲ.

"ಗೌನಿನ ಫೋಟೋ ಬೇಕಾಗ್ತದ ನೋಡ್ರಿ," ಎಂದರು ಕೊನೆಗೆ. "ನೀವು ಘಟಿಕೋತ್ಸವಕ್ಕ ಹೋಗೇ ಇಲ್ಲ."

ಮರುದಿನವೇ ವಿಮಲಾಬಾಯಿ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋದಳು. ಅಲ್ಲಿ ಸ್ಟೇಷನ್ನಿನ ಎದುರು ಶಹಾಬುದ್ದೀನನ ಸ್ಟುಡಿಯೋದಲ್ಲಿ ಒಂದು ಗೌನು, ಒಂದು ಟೊಪ್ಪಿಗೆ, ದಾರ ಕಟ್ಟಿದ ಒಂದು ಕಾಗದದ ಸುರುಳಿ ಇದ್ದವು. ಸುತ್ತ ನಾಲ್ಕು ತಾಲೂಕಿನ ಪದವೀಧರರೆಲ್ಲ ಅದೇ ಗೌನಿನೊಳಗೆ ನಿಂತು ಬಂದವರು. ಸಂಘದ ಗೋಡೆಯ ಮೇಲಿದ್ದ ಅಷ್ಟೂ ಫೋಟೋಗಳಲ್ಲಿ ಅದರ ಎಡತೋಳಿನ ತೇಪೆ ಕಾಣುತ್ತಿತ್ತು. ಗೌನು ಆಕೆಯ ಕಾಲಿಗೆ ತೊಡರುವಷ್ಟು ಉದ್ದವಿತ್ತು. ಶಹಾಬುದ್ದೀನ ಹಿಂದಿನಿಂದ ಪಿನ್ನು ಚುಚ್ಚಿ ಎತ್ತಿಕಟ್ಟಿದ.

"ಸ್ವಲ್ಪ ನಗ್ರಿ ಅಕ್ಕಾ," ಎಂದ.

"ಈಗ ಬ್ಯಾಡ. ಕೆಲಸ ಇನ್ನೂ ಮುಗಿದಿಲ್ಲ," ಎಂದಳು ಆಕೆ. ಫೋಟೋ ಹಾಗೆಯೇ ಬಂತು, ಯಾರನ್ನೋ ತರಾಟೆಗೆ ತೆಗೆದುಕೊಳ್ಳಲು ಹೊರಟವಳ ಹಾಗೆ.

ಊಟಕ್ಕೆ ಹದಿನೈದು ದಿನ ಇರುವಾಗ ಆಕೆ ಕಾರ್ಯದರ್ಶಿಗೆ ಬರೆದುಕೊಟ್ಟಳು: ಈ ಸಲದ ವಾರ್ಷಿಕ ದಿನ ತಾನು ಒಲೆ ಹಚ್ಚುವುದಿಲ್ಲ, ಬಡಿಸುವುದೂ ಇಲ್ಲ, ಊಟಕ್ಕೆ ಬರುತ್ತೇನೆ; ಆ ಬಳಿಕ ಅಡುಗೆ ಕೆಲಸ ಬಿಡುತ್ತೇನೆ. ಅಂದು ಸಂಜೆ ಚಹಾ ಕಾಸುತ್ತಿದ್ದಾಗ ಹೊರಗೆ ಅಧ್ಯಕ್ಷರ ದನಿ ಕೇಳಿಸಿತು. ಅಧ್ಯಕ್ಷರೆಂದರೆ ರೇವಣಪ್ಪನವರು, ಬಿ.ಕಾಂ. ಮಾಡಿಯೂ ಅಪ್ಪನ ಖಣಿ ನೋಡಿಕೊಂಡಿದ್ದ ಸೌಕಾರರು.

"ಬರ್ಲಿ ಬಿಡ್ರಿ ಮಾಸ್ತರ್ರೆ. ಫೋಟೋ ತೂಗಹಾಕ್ಲಿ, ಪಟ್ಟಿ ಓದ್ಲಿ, ಆಕಿಗೂ ಆಸೆ ಇರ್ತದ. ಆಮ್ಯಾಲ ತಾನೇ ಎದ್ದು ಅಡಗಿಮನಿಗಿ ಹೋಗ್ತಾಳ. ನಲವತ್ತು ಮಂದಿ ಹಸದು ಕುಂತಿದ್ರ ಆಕಿಗಿ ತಡೀತದೇನು?"

ವಿಮಲಾಬಾಯಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಆ ಮಾತು ಸುಳ್ಳೆಂದಲ್ಲ, ನಿಜವೆಂದು. ಹಸಿದವರನ್ನು ನೋಡಿಕೊಂಡು ಕೂರುವುದು ಆಕೆಯ ಕೈಲಾಗದ ಕೆಲಸ, ಅದನ್ನು ಸೌಕಾರರು ಸರಿಯಾಗಿಯೇ ಹಿಡಿದಿದ್ದರು. ಹಾಗಾದರೆ ಯಾರೂ ಹಸಿದು ಕೂರದ ಹಾಗೆ ಮೊದಲೇ ನೋಡಿಕೊಂಡರಾಯಿತು ಎಂದು ಆಕೆ ಅಲ್ಲೇ ನಿಶ್ಚಯಿಸಿದಳು. ಚಹಾ ಉಕ್ಕಿ ಒಲೆಗೆ ಬಿತ್ತು.

ಊಟಕ್ಕೆ ಮೂರು ದಿನ ಮುಂಚೆ ಪಕ್ಕದ ಮನೆಯ ಹಮೀದಾಬಿಯನ್ನು ಕರೆದುಕೊಂಡು ಕುಳಿತಳು. ಇಬ್ಬರೂ ಸೇರಿ ಎರಡು ಹಗಲು ಜೋಳದ ರೊಟ್ಟಿ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಸುತ್ತ ಒಣಗಿಸಿ ಖಡಕ್ ಮಾಡಿದರು. ಖಡಕ್ ರೊಟ್ಟಿ ಹದಿನೈದು ದಿನವಾದರೂ ಕೆಡುವುದಿಲ್ಲ. ಅದಕ್ಕೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಮೆಣಸಿನಕಾಯಿಯ ರಂಜಕ, ಗಡಿಗೆ ಮೊಸರು. ಊಟದ ದಿನ ಬೆಂಕಿ ಬೇಡುವ ಪದಾರ್ಥ ಒಂದೂ ಇರಲಿಲ್ಲ.

"ಇಷ್ಟೆಲ್ಲ ಮಾಡೂದು ನೀನೇ ಆದ್ರ, ಅಡಗಿಯಾಕಿ ಅಲ್ಲಂತ ಹ್ಯಾಂಗ ಹೇಳ್ತಿ?" ಎಂದು ಹಮೀದಾಬಿ ಕೇಳಿದಳು.

"ಇದು ಕಡೀದು ಅಕ್ಕಾ. ಹೋಗೂ ಮುಂದ ಹೊಟ್ಟಿ ತುಂಬಿಸಿ ಹೋಗ್ತೀನಿ. ಆದ್ರ ಅವತ್ತ ನಾ ಏಳಂಗಿಲ್ಲ. ಏನಾದ್ರೂ ಏಳಂಗಿಲ್ಲ."

ಭಾನುವಾರ ಮಧ್ಯಾಹ್ನ ವಿಮಲಾಬಾಯಿ ಹಸಿರು ಇಳಕಲ್ ಸೀರೆಯುಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸಂಘದ ಮುಂಬಾಗಿಲಿನಿಂದ ಒಳಗೆ ಬಂದಳು. ಹಿತ್ತಲ ಬಾಗಿಲಿಗೆ ರೂಢಿಯಾದ ಕಾಲು ಹೊಸ್ತಿಲಲ್ಲಿ ಎಡವಿತು. ಯಾರೋ ಕಿಸಕ್ಕೆಂದರು. ಆಕೆ ತಿರುಗಿ ನೋಡಲಿಲ್ಲ. ನೆಟ್ಟಗೆ ಗೋಡೆಯ ಬಳಿ ಹೋಗಿ ಮೊಳೆಗೆ ಫೋಟೋ ತೂಗುಹಾಕಿದಳು. ಎಡತೋಳಿನ ತೇಪೆ ಎಲ್ಲರ ತೇಪೆಯ ಸಾಲಿಗೆ ಸೇರಿತು. ಆ ವರ್ಷ ಹೊಸಬರು ಬೇರೆ ಯಾರೂ ಇರಲಿಲ್ಲ. ಪಂಕ್ತಿಯ ತುದಿಯಲ್ಲಿ ಹೊಸಬರಿಗೆಂದು ಇಟ್ಟಿದ್ದ ಮಣೆಯ ಮೇಲೆ ಆಕೆ ಕುಳಿತಳು. ಎಲ್ಲರ ಮುಂದೆ ಪತ್ರಾವಳಿ ಹಾಸಿತ್ತು. ರೊಟ್ಟಿಯ ಬುಟ್ಟಿಗಳು, ಮೊಸರಿನ ಗಡಿಗೆ ನಡುವೆ ಇದ್ದವು.

ನಾಗೇಂದ್ರಪ್ಪ ಪಟ್ಟಿ ಕೊಟ್ಟರು. ಆಕೆ ಎದ್ದು ನಿಂತಳು.

"ಮುಂಬರುವ ಕಾರ್ಯಕ್ರಮಗಳು," ಎಂದು ಓದಿದಳು. "ಎಳ್ಳಮಾವಾಸ್ಯೆ: ಅಧ್ಯಕ್ಷರ ಹೊಲದಲ್ಲಿ ವನಭೋಜನ. ಅಡುಗೆ..."

ಅಲ್ಲಿಗೆ ನಿಂತಳು. ಕಣ್ಣು ಕೆಳಗಿಳಿಸಿ ಪಟ್ಟಿಯನ್ನು ಪೂರ್ತಿ ನೋಡಿದಳು. ಫೆಬ್ರವರಿಯಲ್ಲಿ ವಾಡಿಯ ಎಂಜಿನಿಯರರೊಡನೆ ವಾಲಿಬಾಲ್ ಮತ್ತು ಉಪಾಹಾರ, ಮಾರ್ಚಿನಲ್ಲಿ ಸೇಡಂದವರೊಡನೆ ಚರ್ಚೆ ಮತ್ತು ಊಟ, ಏಪ್ರಿಲಿನಲ್ಲಿ ಚಿಂಚೋಳಿಯ ಕಾಡಿಗೆ ಪ್ರವಾಸ, ಡಿಸೆಂಬರಿನಲ್ಲಿ ವಾರ್ಷಿಕ ಊಟ. ಪ್ರತಿಯೊಂದರ ಕೊನೆಗೂ ಮಾಸ್ತರರ ದುಂಡನೆಯ ಅಕ್ಷರದಲ್ಲಿ ಒಂದೇ ಮಾತು: ಅಡುಗೆ, ವಿಮಲಾಬಾಯಿ. ಹದಿನೈದು ದಿನದ ಹಿಂದೆ ಆಕೆ ಬರೆದುಕೊಟ್ಟ ಕಾಗದವನ್ನು ಅವರು ಓದಿ ಜೇಬಿಗಿಳಿಸಿ ಮರೆತಿರಬೇಕು. ದುರುದ್ದೇಶವೇನೂ ಇಲ್ಲ; ಹೋದ ವರ್ಷದ ಪಟ್ಟಿಯನ್ನು ಹಾಗೆಯೇ ನಕಲು ಮಾಡಿದ್ದರು. ಅದೇ ಆಕೆಗೆ ಹೆಚ್ಚು ಚುಚ್ಚಿತು.

"ಓದ್ರಿ, ಓದ್ರಿ," ಎಂದು ನಾಗೇಂದ್ರಪ್ಪ ಮೆಲ್ಲಗೆ ಅವಸರಿಸಿದರು.

"ಮಾಸ್ತರ್ರೆ, ಇಲ್ಲಿ ನನ್ನ ಹೆಸರು ಅದ. ನಾ ಈಗ ಸದಸ್ಯಳಾದೆ. ಸದಸ್ಯರು ಅಡಗಿ ಮಾಡಬೇಕು ಅಂತ ನಿಯಮ ಇದ್ರ ನಂದೇನೂ ತಕರಾರಿಲ್ಲ, ನನ್ನ ಪಾಳಿ ನಾ ಮಾಡ್ತೀನಿ. ಆದ್ರ ಉಳದವ್ರ ಪಾಳಿ ಯಾವಾಗ? ಎಳ್ಳಮಾವಾಸಿಗಿ ಯಾರ ಹೆಸರು ಬರೀಲಿ, ಹೇಳ್ರಿ."

ಎಲೆಯ ಮುಂದೆ ಕೈ ಕಟ್ಟಿ ಕುಳಿತ ನಲವತ್ತೆರಡು ಪದವಿಗಳು ನೆಲ ನೋಡತೊಡಗಿದವು.

"ಮೊದಲ ಊಟ ಆಗ್ಲಿ," ಎಂದರು ರೇವಣಪ್ಪ, ನಗುತ್ತಲೇ. "ಆಮ್ಯಾಲ ಕುಂತು ಮಾತಾಡಮು. ನೀ ಓದಿ ಮುಗಸು."

"ಹೆಸರಿಲ್ದ ಹ್ಯಾಂಗ ಓದ್ಲಿ ಸೌಕಾರ್ರೆ? ಪಟ್ಟಿ ಮುಗೀಲಾರ್ದ ಮೊದಲ ರೊಟ್ಟಿ ಇಲ್ಲ ಅಂತ ನಿಯಮ ಮಾಡಿದವ್ರು ನೀವೆಲ್ಲ. ನಾ ಅಲ್ಲ."

ಸೌಕಾರರ ನಗು ಆರಿತು. ನಲವತ್ತೆರಡು ಮಂದಿ ಹಸಿದು ಕುಳಿತಿದ್ದರು, ಆಕೆ ನಿಂತೇ ಇದ್ದಳು. ಒಂದು ಗೂಡ್ಸ್ ಗಾಡಿ ಸ್ಟೇಷನ್ನು ದಾಟಿ ಪೂರ್ತಿ ಹೋಯಿತು. ಹಿಂಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎದುರು ಕುಳಿತ ಬ್ಯಾಂಕಿನ ಗುಮಾಸ್ತ ಎಂಜಲು ನುಂಗಿದ್ದು ಆಕೆಗೆ ಕಂಡಿತು. ಅಯ್ಯೋ ಪಾಪ ಎನಿಸಿತು. ಹನ್ನೊಂದು ವರ್ಷದ ರೂಢಿ, ಕೈ ತಾನಾಗಿಯೇ ರೊಟ್ಟಿಯ ಬುಟ್ಟಿಯ ಕಡೆ ಹೋಗಲು ನೋಡಿತು. ಆಕೆ ಪಟ್ಟಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಆಗ ಪಂಕ್ತಿಯ ಆ ತುದಿಯಿಂದ ಅಬ್ದುಲ್ ಗನಿ ವಕೀಲರು ಕೆಮ್ಮಿದರು. ಎಪ್ಪತ್ತು ದಾಟಿದ ಜೀವ, ಕಣ್ಣು ಮಂಜು, ದನಿ ಮಾತ್ರ ಇನ್ನೂ ಕೋರ್ಟಿನದೇ.

"ಬರಿ ಬೇಟಿ. ಎಳ್ಳಮಾವಾಸಿಗಿ ಅಬ್ದುಲ್ ಗನಿ, ಬಿ.ಎ., ಎಲ್ಎಲ್.ಬಿ. ಹೈದರಾಬಾದ್ ಹಾಸ್ಟೆಲ್‌ನಾಗ ನಾಕು ವರ್ಷ ಖಿಚಡಿ ನಾನೇ ಬೇಯಿಸ್ತಿದ್ದೆ. ಕಾಳು-ಸೊಪ್ಪಿನ ಭಜ್ಜಿ ಮಾಡೂದು ಯಾರರ ಹೇಳಿಕೊಡ್ರಿ."

ಯಾರೋ ನಕ್ಕರು. ವಕೀಲರು ನಗಲಿಲ್ಲ.

"ನಗಬ್ಯಾಡ್ರಿ. ಹಸದು ಬಂದವ್ರಿಗಿ ಮೊದಲ ರೊಟ್ಟಿ ಅಂತ ಹೇಳಿದಾಂವ ನಾ. ನಾವು ಪರೀಕ್ಷಾ ಬರದು ಒಂದು ದಿನ ಹಸದು ಬಂದಿದ್ವಿ. ಈಕಿ ನಮ್ಮ ಬಾಗಿಲ ಹಿಂದ ಹನ್ನೊಂದು ವರ್ಷ ಹಸದು ಕುಂತಾಳ. ನಮಗ ಗೊತ್ತಾಗ್ಲಿಲ್ಲ. ಥೂ ನಮ್ಮ ಡಿಗ್ರಿಗಿ!"

ವಿಮಲಾಬಾಯಿಗೆ ಅಳು ಬಂದೇ ಬಿಟ್ಟಿತ್ತು. ಅತ್ತರೆ ಎಲ್ಲರೂ ಎದ್ದು ಸಮಾಧಾನ ಮಾಡುತ್ತಾರೆ, ಪಟ್ಟಿ ಅಲ್ಲಿಗೇ ಉಳಿಯುತ್ತದೆ ಎಂದು ನುಂಗಿಕೊಂಡಳು. ಮಾಸ್ತರರ ಪೆನ್ನು ಇಸಿದುಕೊಂಡು ತನ್ನ ಹೆಸರು ಹೊಡೆದುಹಾಕಿ ವಕೀಲರ ಹೆಸರು ಬರೆದಳು. "ಫೆಬ್ರವರಿ. ಅಡುಗೆ?"

ಬ್ಯಾಂಕಿನ ಗುಮಾಸ್ತ ಕೈ ಎತ್ತಿದ. ಹಸಿವೆಯೋ ನಾಚಿಕೆಯೋ, ಅವನಿಗೇ ಗೊತ್ತು. ಮಾರ್ಚ್ ತಿಂಗಳನ್ನು ನಾಗೇಂದ್ರಪ್ಪನವರು ತಮ್ಮ ಹೆಸರಿಗೆ ಬರೆಸಿಕೊಂಡರು. ತಮಗೆ ಚಹಾ ಬಿಟ್ಟರೆ ಬೇರೇನೂ ಬರುವುದಿಲ್ಲವೆಂದು ಒಪ್ಪಿಕೊಂಡರು. ಚಿಂಚೋಳಿಯ ಪ್ರವಾಸಕ್ಕೆ ಆಕೆ ತನ್ನದೇ ಹೆಸರನ್ನು ಹಾಗೆಯೇ ಉಳಿಸಿ, ಮುಂದೆ ಬಿ.ಎ. ಎಂದು ಸೇರಿಸಿದಳು.

"ಡಿಸೆಂಬರ್. ವಾರ್ಷಿಕ ಊಟ. ಅಡುಗೆ?"

ಎಲ್ಲರ ಕಣ್ಣು ಅಧ್ಯಕ್ಷರ ಕಡೆ ಹೊರಳಿತು. ರೇವಣಪ್ಪನವರ ಮುಖ ಕೆಂಪಾಗಿತ್ತು. ಎದ್ದು ಹೋಗಿಬಿಡುತ್ತಾರೆ ಎಂದೇ ಆಕೆಗೆ ಅನಿಸಿತು. ಅವರು ಎದ್ದರು ಕೂಡ. ಬುಟ್ಟಿಯ ಬಳಿ ಬಗ್ಗಿ ಒಂದು ರೊಟ್ಟಿ ತೆಗೆದುಕೊಂಡು, ಮುರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಪಂಕ್ತಿಯ ಉದ್ದಕ್ಕೂ ನಡೆದು ಬಂದರು.

"ನನ್ನ ಹೆಸರು ಬರ್ಕೊಳ್ರಿ," ಎಂದರು. "ರೊಟ್ಟಿ ಬಡ್ಯೂದು ನೀವೇ ಕಲಸಬೇಕಾಗ್ತದ. ಕುಂದ್ರಿ."

ಆಕೆ ಹೆಸರು ಬರೆದು, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, ಕುಳಿತಳು. ರೊಟ್ಟಿ ಆಕೆಯ ಎಲೆಗೆ ಬಂತು, ಪಕ್ಕಕ್ಕೆ ಹಿಂಡಿ, ಹಿಂಡಿಯ ಮೇಲೆ ಮೊಸರು. ಆಕೆ ಅಂಚು ಹಿಡಿದು ಮುರಿದಳು. ಕಟ್ಟೆಂದು ಸದ್ದಾಯಿತು. ಮರುಕ್ಷಣ ಎಲ್ಲರ ಕೈ ಬುಟ್ಟಿಗಳಿಗೆ ಇಳಿಯಿತು, ಪಂಕ್ತಿಯುದ್ದಕ್ಕೂ ರೊಟ್ಟಿ ಮುರಿಯುವ ಸದ್ದೇ ಸದ್ದು.

ರೇವಣಪ್ಪ ತಮ್ಮ ಎಲೆಗೆ ಹೋಗಿರಲಿಲ್ಲ. ಹತ್ತಿರದ ಬುಟ್ಟಿಯೊಂದನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದರು. ಬಡಿಸಿ ರೂಢಿಯಿಲ್ಲದ ಮನುಷ್ಯ, ಮುಂದೇನು ಮಾಡಬೇಕೆಂದು ತಿಳಿದಿರಲಿಲ್ಲ. ಆಕೆಯ ಎಲೆ ಖಾಲಿಯಾದದ್ದನ್ನು ನೋಡಿ ಬಗ್ಗಿ ಕೇಳಿದರು.

"ಇನ್ನೊಂದು ಹಾಕ್ಲೇನ್ರಿ?"

ಹನ್ನೊಂದು ವರ್ಷ ಈ ಮಾತನ್ನು ಆಕೆ ಪಂಕ್ತಿಯುದ್ದಕ್ಕೂ ಕೇಳುತ್ತ ನಡೆದಿದ್ದಳು. ಆಕೆಯನ್ನು ಯಾರೂ ಕೇಳಿರಲಿಲ್ಲ. ತಲೆ ಎತ್ತಿ ಗೋಡೆಯ ಮೇಲಿನ ತನ್ನ ಸಿಡುಕು ಮುಖವನ್ನೊಮ್ಮೆ ನೋಡಿದಳು, ಆಮೇಲೆ ಸೌಕಾರರನ್ನು. ಆಗ ನಕ್ಕಳು.

"ಹಾಕ್ರಿ," ಎಂದಳು.