ಹನ್ನೊಂದು ದಿನದ ಗುಡಿಸಲು

ಲಿಖಿತಾ ಬೆಂಕಿಗೇ ಕೈ ಹಾಕಿದಳು. ರಟ್ಟು ಕರಕಾದ ಒಂದು ಪುಸ್ತಕ ಹೊರಬಂತು. ಉಳಿದ ಆರು ಪುಸ್ತಕಗಳು, ತಾರಸಿಯಿಂದ ಕಿತ್ತು ತಂದ ಗುಡಿಸಲಿನ ತೆಂಗಿನ ಗರಿಗಳ ಜೊತೆ ಧಗಧಗ ಉರಿದವು.

"ಬಿಸಾಕೇ ಅದನ್ನ, ಮೈಲಿಗೆ!" ಅಜ್ಜಿ ಅಕ್ಕಯಮ್ಮ ಖಾಲಿ ಸೈಟಿನ ಅಂಚಿನಿಂದ ಕೂಗಿದರು. "ಗುಡ್ಲೊಳಗೆ ಹೋಗಿದ್ದು ಚಾಪೆ ಆಗ್ಲಿ, ಪುಸ್ತಕ ಆಗ್ಲಿ, ಮನೆಗೆ ಬರಂಗಿಲ್ಲ."

ಹನ್ನೆರಡು ವರ್ಷದ ಹುಡುಗಿ ಮೊದಲ ಸಲ ಮುಟ್ಟಾದಳೆಂದು, ಉತ್ತರಹಳ್ಳಿಯ ಆ ಮೂರಂತಸ್ತಿನ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಗರಿಯ ಗುಡಿಸಲು ಹಾಕಿ ಹನ್ನೊಂದು ದಿನ ಕೂರಿಸಿದ್ದರು. ಶಾಲೆಯಿಲ್ಲ, ಜೊತೆಯಿಲ್ಲ. ತಾಯಿ ಶಾಲಿನಿ ಕದ್ದು ಕೊಟ್ಟದ್ದು ತನ್ನ ಬಾಲ್ಯದ ಕಥೆಪುಸ್ತಕಗಳನ್ನು: ದೋಣಿ ನಡೆಸುವ, ಕಳ್ಳರನ್ನು ಹಿಡಿಯುವ ದಿಟ್ಟ ಹುಡುಗಿಯರ ಕಥೆಗಳು. ಅವರಲ್ಲಿ ಒಬ್ಬಳೂ ಮುಟ್ಟಾಗುತ್ತಿರಲಿಲ್ಲ ಎಂಬುದು ಶಾಲಿನಿಗೆ ಈಗ ಹೊಳೆಯಿತು.

ಸಂಜೆ ಛತ್ರದಲ್ಲಿ ಆರತಿ. ರಸ್ತೆಗೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಮಗಳ ಫೋಟೋದ ತುಟಿಗೆ ಕೆಂಪು ತಿದ್ದಿದ್ದರು; ಅದರ ಕೆಳಗಿನ ಫೋಟೋಗಳಲ್ಲಿ ಮೀಸೆಯ ಹದಿನಾಲ್ಕು ಗಂಡಸರು ಕೈಮುಗಿದು ಶುಭ ಕೋರುತ್ತಿದ್ದರು. ರಸ್ತೆಬದಿ ಟೀ ಹೀರುತ್ತ ಇಬ್ಬರು ಅದನ್ನು ತೂಕ ಹಾಕುವಂತೆ ನೋಡುತ್ತಿದ್ದರು. ಶಾಲಿನಿ ತನ್ನ ಅಣ್ಣ ಬೈರಣ್ಣನ ಕಡೆ ತಿರುಗಿದಳು.

"ಅಣ್ಣಾ, ನನ್ ಮಗಳು ಮುಟ್ಟಾಗಿದ್ದನ್ನ ಊರಿಗೆಲ್ಲ ಯಾಕೆ ಸಾರ್ತೀಯ?"

ಬೈರಣ್ಣ ನಕ್ಕ. "ಸೋದರಮಾವ ಕಣಮ್ಮ ನಾನು. ಗುಡ್ಲು ಹಾಕ್ದೋನೂ ನಾನೇ, ಸುಟ್ಟೋನೂ ನಾನೇ. ನನ್ ಮಗ ಪ್ರಸನ್ನಂಗೆ ಹೆಣ್ಣು ಇಲ್ಲೇ ಐತೆ ಅಂತ ನಾಕು ಜನಕ್ಕೆ ಗೊತ್ತಾಗ್ಬೇಡ್ವಾ?"

"ಅವನಿಗೆ ಇಪ್ಪತ್ತಾರು. ಇವಳಿನ್ನೂ ಏಳನೇ ಕ್ಲಾಸು!"

"ಈಗ್ಲೇ ಯಾರು ತಾಳಿ ಕಟ್ತಾರೆ? ನಮ್ ಸೀರೆ ಉಟ್ರೆ ಮದ್ವೆ ಮಾತು ಆದಂಗೆ, ಅಷ್ಟೇ. ನಿಂಗೂ ಹಿಂಗೇ ಮಾಡಿದ್ವಿ. ಸತ್ತೋದ್ಯಾ?"

ಹದಿನಾರಕ್ಕೇ ಓದು ಬಿಡಿಸಿ ಈ ಮನೆಗೆ ಸೊಸೆಯಾಗಿ ಕಳಿಸಿದ್ದರು ಅವಳನ್ನು. ಶಾಲಿನಿ ಅಣ್ಣನ ಮುಖವನ್ನೇ ನೋಡಿದಳು.

"ಹೂಂ, ಬದುಕಿದ್ದೀನಿ. ಅದಕ್ಕೇ ಹೇಳ್ತಿರೋದು, ಇವಳಿಗೆ ಬೇಡ."

"ಹಾಳು ಪುಸ್ತಕ ಓದ್ಸಿ ನೀನೇ ಕೆಡ್ಸಿದ್ದು," ಅತ್ತೆ ಅಕ್ಕಯಮ್ಮ ಗೊಣಗಿದರು.

ಬೈರಣ್ಣ ತಟ್ಟೆ ಎತ್ತಿಕೊಂಡು ಹುಡುಗಿಯ ಮುಂದೆ ಹಿಡಿದ. ಹಸಿರು ರೇಷ್ಮೆ, ಬಳೆ, ಕನಕಾಂಬರ. "ತಗೋ ಕಣವ್ವ. ನೀರು ಹಾಕ್ಕೊಂಡು ಇದನ್ನುಟ್ಟು ಸ್ಟೇಜ್ ಮೇಲೆ ರಾಣಿ ಥರ ಕೂತ್ಬಿಡು."

ಲಿಖಿತಾಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನೂ ಸ್ನಾನವಾಗದ ಮಗಳ ಹೆಗಲ ಮೇಲೆ ಶಾಲಿನಿ ಎಲ್ಲರೆದುರೇ ಕೈಯಿಟ್ಟಳು. ಅಕ್ಕಯಮ್ಮ "ಅಯ್ಯಯ್ಯೋ" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಮಾವ," ಎಂದಳು ಹುಡುಗಿ. "ನಾನು ಉಡಲ್ಲ. ಛತ್ರಕ್ಕೆ ಬರೋದೂ ಇಲ್ಲ."